ಕಿಡಿಯೊ ಕಲಿಸಿದ ಇಂಗ್ಲಿಷ್

ಈ ಡಿಸೆಂಬರಿನಲ್ಲಿ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ! ಪಡೀಲಿನ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವ ವಾಲ್ಟರ್ ಮಾಸ್ಟ್ರು, ಅಂದರೆ ಸಾಕ್ಷಾತ್ ನಾನು, ಒಂದೇ ತರ ಕೇಳಿಸುವ, ಕಾಣುವ ಪದಗಳ ಗೊಂದಲವನ್ನು ಏಳನೇ ಕ್ಲಾಸಿನಿಂದ ಗಡೀಪಾರು ಮಾಡಿಯೇ ಸಿದ್ಧ!

ಪರಿಸ್ಥಿತಿ ಅಷ್ಟು ಭೀಕರವಾಗಿತ್ತು. ನನ್ನ ಶಿಷ್ಯರ ಪ್ರಬಂಧಗಳಲ್ಲಿ flower, flour ಅದಲುಬದಲಾಗಿ ದೇವರಿಗೆ ಹಿಟ್ಟಿನ ಮಾಲೆ ಹಾಕಲಾಗುತ್ತಿತ್ತು, ಅಮ್ಮಂದಿರು ಹೂವಿನ ಚಪಾತಿ ಲಟ್ಟಿಸುತ್ತಿದ್ದರು, ಊಟದ ನಂತರ ಎಲ್ಲರೂ dessert ಬದಲು desert, ಅಂದರೆ ಮರುಭೂಮಿ ತಿನ್ನುತ್ತಿದ್ದರು.

ಉಪಾಯ ಹೊಳೆಯಿತು: ಬಹುಮಾನ! ಮನೆಯಲ್ಲಿ ಹೆಂಡತಿ ಉರ್ಸುಲಾ ಕ್ರಿಸ್‌ಮಸ್ಸಿಗೆಂದು ಒಂದು ಡಬ್ಬ ಕಿಡಿಯೊ ಮಾಡಿಟ್ಟಿದ್ದಳು. ಹಿಟ್ಟಿನ ಪುಟ್ಟ ಉಂಡೆಗಳನ್ನು ಬಾಚಣಿಗೆಯ ಹಲ್ಲಿನ ಮೇಲೆ ಒಂದೊಂದಾಗಿ ಒತ್ತಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕಕ್ಕೆ ಹಾಕುವ ತಿಂಡಿ. ಮೂರು ದಿನದ ತಪಸ್ಸು!

"ಡಬ್ಬ ಎಲ್ಲಿಗೆ?" ಉರ್ಸುಲಾ ಬಾಗಿಲಲ್ಲೇ ಹಿಡಿದಳು.

"ಕ್ಲಾಸಿಗೆ. ಒಂದು ಸರಿಯುತ್ತರಕ್ಕೆ ಒಂದು ಕಿಡಿಯೊ."

"ನಾಳೆ ನೆರೆಕರೆಗೆಲ್ಲ ಹಬ್ಬದ ತಿಂಡಿ, ಕುಸ್ವಾರ್ ಹಂಚ್ಲಿಕ್ಕುಂಟು. ಕಡಿಮೆಯಾದ್ರೆ ನಾನು ಖಾಲಿ ಪ್ಲೇಟು ಕಳಿಸುವುದಾ?"

"ನನ್ನ ವಿದ್ಯಾರ್ಥಿಗಳ ಮೇಲೆ ನಂಬಿಕೆ ಇಡು ಮಾರಾಯ್ತಿ. ಒಂದೂ ಕಡಿಮೆಯಾಗುವುದಿಲ್ಲ!"

ಇಪ್ಪತ್ತೆಂಟು ವರ್ಷದ ಅನುಭವ ಸುಮ್ಮನೆಯೇ?

ಕ್ಲಾಸಿನಲ್ಲಿ ಡಬ್ಬದ ಮುಚ್ಚಳ ತೆರೆದೆ. ಜೂನ್‌ನಿಂದ ಕೊನೆಯ ಬೆಂಚಿನಲ್ಲಿ ಸುಖನಿದ್ರೆಯಲ್ಲಿದ್ದ ಸಂಚಿತಾ ಎಚ್ಚರಗೊಂಡಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು! ಹಿಂದೆಯೇ ಸುಹರಾ, ವಿನೀತ್, ಇಡೀ ಕ್ಲಾಸು! ಕಿಡಿಯೊ ಉಳಿಸಿಕೊಳ್ಳಲು ಕಷ್ಟದ ಪದಗಳಿಗೆ ಹಾರಿದೆ. ಕೊನೆಗೆ ನನಗೇ ಅನುಮಾನವಿದ್ದ ಪದಜೋಡಿಯೊಂದನ್ನು ಬೋರ್ಡಿನಲ್ಲಿ ಬರೆದೆ.

"ಸರ್, ನೀವು ಬೋರ್ಡಲ್ಲಿ ತಪ್ಪು ಬರ್ದಿದ್ದೀರಿ," ಎಂದಳು ಸುಹರಾ. "ತಿದ್ದಿದ್ದಕ್ಕೆ ಎರಡು ಕೊಡ್ಬೇಕು."

ಕೊಟ್ಟೆ. ಗದ್ದಲ ಕೇಳಿ ಹೆಡ್‌ಮಿಸ್ ಗೆರ್ಟ್ರೂಡ್ ಓಡಿ ಬಂದರು. "ಎಂಥ ಪ್ರಗತಿ ವಾಲ್ಟರ್!" ಎನ್ನುತ್ತ, ತಳದಲ್ಲಿ ಉಳಿದಿದ್ದ ಏಕೈಕ ಕಿಡಿಯೊವನ್ನು ಬಾಯಿಗೆ ಹಾಕಿಕೊಂಡರು. "ನಾಳೆ ಬಿ ಸೆಕ್ಷನ್ನಿಗೂ ಇದೇ ಪಾಠ ಮಾಡಿ!"

ಸಂಜೆ ಉರ್ಸುಲಾ ಡಬ್ಬವನ್ನು ಅಲ್ಲಾಡಿಸಿದಳು. ಸದ್ದಿಲ್ಲ.

"ಉರ್ಸುಲಾ, ನನ್ನ ಬೋಧನೆ ಗೆದ್ದಿತು!" ಎಂದೆ, ಬಾಗಿಲ ಕಡೆ ಒಂದು ಕಣ್ಣಿಟ್ಟು.

"ನಿಮ್ಮ ಬೋಧನೆಯಾ? ಇಪ್ಪತ್ತೆಂಟು ವರ್ಷ ನೀವು ಬಾಯಿ ಬಡ್ಕೊಂಡ್ರಿ, ಒಬ್ರಿಗೂ ಬರ್ಲಿಲ್ಲ. ನನ್ನ ಕಿಡಿಯೊ ಬಾಯಿಗೆ ಹೋದದ್ದೇ ಎಲ್ರಿಗೂ ಬಂತು! ಕೂತ್ಕೊಳ್ಳಿ ಇಲ್ಲಿ."

ಎದುರಿಗೆ ಎರಡು ಕಿಲೋ ಕಲಸಿದ ಹಿಟ್ಟು, ಒಂದು ಹೊಸ ಬಾಚಣಿಗೆ. ಬೆಳಗಾದರೆ ನೆರೆಕರೆಯಲ್ಲಿ ಅವಳ ಮಾನದ ಪ್ರಶ್ನೆ. ಪಾಪ, ನನಗೂ ನಾಚಿಕೆಯಾಯಿತು. ಅಂಗಿಯ ತೋಳು ಮಡಚಿ, ಸಕಲ ವಿದ್ವತ್ತನ್ನೂ ಧಾರೆಯೆರೆದು, ಒಂದು ಡಜನ್ ಒತ್ತಿ ಸಾಲಾಗಿ ಇಟ್ಟೆ. ನೋಡಲು ಥೇಟ್ ಅವಳು ಮಾಡಿದಂತೆಯೇ!

ಉರ್ಸುಲಾ ಒಂದನ್ನೆತ್ತಿ ಕನ್ನಡಕದ ಹತ್ತಿರ ಹಿಡಿದಳು. ಮೆಲ್ಲನೆ ಒತ್ತಿದಳು. ಸುರುಳಿ ಬಿಚ್ಚಿ ಮೇಜಿನ ಮೇಲೆ ಅಂಗಾತ ಬಿತ್ತು.

"ಕಿಡಿಯೊ ಹಾಗೆ ಕಾಣ್ತದೆ, ಕಿಡಿಯೊ ಅಲ್ಲ," ಎಂದಳು. "ಇಷ್ಟು ವ್ಯತ್ಯಾಸ ಗೊತ್ತಾಗದವರನ್ನು ಮಾಸ್ಟ್ರು ಮಾಡಿದ್ದು ಯಾರು ಮಾರಾಯ್ರೆ?"