ಹಾರವಿಲ್ಲದ ಸದಸ್ಯೆ

ತಾರ್ನಾಕದ ಹಿಂದಿನ ಓಣಿಯಲ್ಲಿರುವ ನಮ್ಮ ಮೂರಂತಸ್ತಿನ ಕಟ್ಟಡ ಒಂದು ಸ್ವತಂತ್ರ ದೇಶ. ತೆಲಂಗಾಣ ಸರ್ಕಾರ ಇನ್ನೂ ಒಪ್ಪಿಲ್ಲ. ಕರೆಂಟ್ ಬಿಲ್ ಮಾತ್ರ ಅವರೇ ಕಳಿಸುತ್ತಾರೆ.

ದೇಶದಲ್ಲಿ ಎರಡು ಪಕ್ಷ. ಮೇಲಿನ ಮಹಡಿಯವರದು ನೀರಿನ ಟಾಕಿ ಪಕ್ಷ, ಕೆಳಗಿನವರದು ಬೋರ್‌ವೆಲ್ ಪಕ್ಷ. ಸದನದಲ್ಲಿ ಇಬ್ಬರೂ ಸಮ. ನಡುವಿನ ಮಹಡಿಯಿಂದ ನನ್ನ ಹೆಂಡತಿ ಗದಿಗೆಮ್ಮ ಪಕ್ಷೇತರಳಾಗಿ ಗೆದ್ದಿದ್ದಳು. ಆಕೆಯ ಬೆಂಬಲದಿಂದಲೇ ಟಾಕಿ ಪಕ್ಷದ ಜಯತೀರ್ಥ ಪ್ರಧಾನಿ.

ಹೋದ ತಿಂಗಳು ಗದಿಗೆಮ್ಮ ತೀರಿಕೊಂಡಳು.

ಮಣ್ಣು ಮಾಡಿ ಬಂದ ಮೇಲೆ ಆಕೆಯ ಫೋಟೋಕ್ಕೆ ಕಟ್ಟು ಹಾಕಿಸಿದೆ. ಚೆಂಡುಹೂವಿನ ಹಾರ ತಂದೆ. ವಿರೋಧ ಪಕ್ಷದ ನಾಯಕ ಸಿದ್ದರಾಮಪ್ಪ ತಾನೇ ಬಂದು ಸ್ಟೂಲ್ ಹಿಡಿದುಕೊಂಡ. ಭಾಳ ಒಳ್ಳೆಯವ ಅಂದುಕೊಂಡೆ.

ಅಷ್ಟರಲ್ಲಿ ಪ್ರಧಾನಿ ಓಡಿ ಬಂದ.

"ಕಾಕಾ, ಇಳೀರಿ! ಹಾರ ಹಾಕಿದ್ರ ಸರ್ಕಾರ ಬೀಳ್ತೈತಿ."

"ಆಕಿ ಸತ್ತಾಳಪಾ."

"ಅದು ನಿಮ್ಮ ಮನೀ ವಿಷಯ. ಸದನಕ್ಕ ಇನ್ನೂ ಗೊತ್ತಿಲ್ಲ."

"ನೀನೂ ಹೆಗಲು ಕೊಟ್ಟೀಯಲ್ಲೋ?"

"ಖಾಸಗಿಯಾಗಿ ಕೊಟ್ಟೀನ್ರಿ. ಪ್ರಧಾನಿ ಅಂತ ಅಲ್ಲ."

ಸಿದ್ದರಾಮಪ್ಪ ಸ್ಟೂಲ್ ಬಿಡಲಿಲ್ಲ. "ಹಾಕ್ರಿ ಕಾಕಾ, ಜಲ್ದಿ ಹಾಕ್ರಿ. ಚಿಗವ್ವನ ಆತ್ಮಕ್ಕ ಶಾಂತಿ ಸಿಗಲಿ. ಚುನಾವಣೆನೂ ಆಗಲಿ."

ಪ್ರಧಾನಿ ಹಾರ ಕಸಿದುಕೊಂಡ. ಸಂಜೆಗೆ ಮೆಟ್ಟಿಲ ಗೋಡೆಗೆ ಆದೇಶ ಅಂಟಿಸಿದರು. "ಹಾರವಿಲ್ಲದ ಫೋಟೋದಲ್ಲಿರುವ ಸದಸ್ಯರು ಹಾಜರಿರುವುದಾಗಿ ಭಾವಿಸತಕ್ಕದ್ದು. ಅವರ ಮೌನವನ್ನು ಸರ್ಕಾರಕ್ಕೆ ಬೆಂಬಲವೆಂದು ಪರಿಗಣಿಸತಕ್ಕದ್ದು."

ಗದಿಗೆಮ್ಮ ಎಂದೂ ಸುಮ್ಮನೆ ಕೂತವಳಲ್ಲ. ಆದರೆ ಆದೇಶ ಆದೇಶವೇ.

ಸದನ ಮಾಳಿಗೆಯ ಮೇಲೆ ಸೇರುತ್ತದೆ. ಅಧಿವೇಶನದ ದಿನ ಫೋಟೋ ಹೊತ್ತು ಒಯ್ದೆ, ಕುರ್ಚಿಯ ಮೇಲೆ ಇಟ್ಟೆ. ಬಿಸಿಲಿತ್ತು. ನೆರಳಿಗೆ ಸರಿಸಲು ಹೋದೆ. ಆ ಕಡೆ ವಿರೋಧ ಪಕ್ಷದ ಸಾಲು. ಸರಿಸಿದರೆ ಪಕ್ಷಾಂತರ ಆಗುತ್ತದೆ ಅಂದರು. ನಾನೇ ಕೊಡೆ ಹಿಡಿದು ನಿಂತೆ.

ನೀರಿನ ಮಸೂದೆ ಪಾಸಾಯಿತು. ಗದಿಗೆಮ್ಮನ ಒಂದು ಮತದಿಂದ.

ಸಿದ್ದರಾಮಪ್ಪ ಹಾರ ನಿರ್ಣಯ ಮಂಡಿಸಿದ. ಕೂಗಾಟ ಆಯಿತು. ನಾನು ಕೈ ಎತ್ತಿದೆ.

"ನನಗ ಸರ್ಕಾರ ಬ್ಯಾಡ್ರಿ, ಚುನಾವಣೆ ಬ್ಯಾಡ್ರಿ. ಆಕಿಗೆ ಒಂದು ಹಾರ ಹಾಕಬೇಕು. ಅಷ್ಟ."

ಸಭಾಧ್ಯಕ್ಷೆ ನಲಿನಿಬಾಯಿ ಕನ್ನಡಕ ಒರೆಸಿಕೊಂಡಳು.

"ಹಾರ ಹಾಕಿದವರೆಲ್ಲ ಸತ್ತವರಂದ್ರ, ಪ್ರಮಾಣವಚನದ ದಿನಾನ ಈ ಮಂತ್ರಿಮಂಡಲ ಸತ್ತೈತಿ. ಹೌದಿಲ್ರಿ, ಪ್ರಧಾನಿಗಳ?"

ಜಯತೀರ್ಥ ಕೊರಳು ಮುಟ್ಟಿಕೊಂಡ. "ಮಂತ್ರಿಗಳಿಗೆ ಹಾಕಿದ್ದು ಸನ್ಮಾನ ಆಗ್ತೈತ್ರಿ."

"ಹಂಗಾದ್ರ ಆಕೀನೂ ಮಂತ್ರಿ ಮಾಡ್ರಿ."

ಅಲ್ಲೇ ಮಾಡಿದರು. ನೀರಾವರಿ ಖಾತೆ ಕೊಟ್ಟರು. ಪ್ರಮಾಣವಚನ ನಲಿನಿಬಾಯಿ ಓದಿದಳು, ಹೊಸ ಮಂತ್ರಿಗಳು ಆಕ್ಷೇಪಿಸಲಿಲ್ಲ. ನಾನು ಹಾರ ಹಾಕಿದೆ. ಎಲ್ಲರೂ ಚಪ್ಪಾಳೆ ಹೊಡೆದರು.

ಅಳು ಬಂತು. ಅತ್ತೆ. "ಮಂತ್ರಿಗಳ ಪತಿ ಆನಂದಬಾಷ್ಪ ಸುರಿಸಿದರು" ಎಂದು ಕಡತದಲ್ಲಿ ಬರೆದುಕೊಂಡರು.

ಕೆಳಗಿಳಿಯುವಾಗ ಸಿದ್ದರಾಮಪ್ಪ ಫೋಟೋದ ಒಂದು ಕಡೆ ಹಿಡಿದುಕೊಂಡ. ಮೆಲ್ಲಗೆ ಕೇಳಿದ.

"ಕಾಕಾ, ಮುಂದಿನ ಸಲ ಚಿಗವ್ವ ನಮ್ಮ ಪಕ್ಷಕ್ಕ ಬರ್ತಾಳೇನ್ರಿ?"

"ಕೇಳಿ ಹೇಳ್ತೀನಿ" ಅಂದೆ.