ಗುಟ್ಟು ಬಿಟ್ಟುಕೊಟ್ಟ ಮತಪೆಟ್ಟಿಗೆಗೆ

ಮಾನ್ಯ ಹಳೆಯ ಮತಪೆಟ್ಟಿಗೆಯವರ ಸನ್ನಿಧಾನಕ್ಕೆ,

ಅಗ್ನಿಶಾಮಕ ಠಾಣೆ ವಸ್ತುಸಂಗ್ರಹಾಲಯದ ಸಹಾಯಾರ್ಥ ಸಮಿತಿಯ ಕಾರ್ಯದರ್ಶಿಯೂ, ಕನ್ನಡಕದ ಅಂಗಡಿಯ ಮಾಲೀಕನೂ, ಕಳೆದ ಭಾನುವಾರದಿಂದ ಇಡೀ ಊರಿನ ನಗೆಪಾಟಲಿಗೆ ಗುರಿಯಾದವನೂ ಆದ ನಾನು ಮಾಡುವ ಸವಿನಯ ನಮಸ್ಕಾರಗಳು. ತಾವು ತುಕ್ಕು ಹಿಡಿಯದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನನ್ನ ಕ್ಷೇಮವನ್ನು ತಾವೇ ಕೈಯಾರೆ ವಿಚಾರಿಸಿಕೊಂಡಿರುವುದರಿಂದ ಅದರ ಬಗ್ಗೆ ಬರೆಯುವ ಶ್ರಮ ನನಗೆ ತಪ್ಪಿದೆ.

ಮಾನ್ಯರೇ, ತಾವು ವಾಸವಾಗಿರುವ ಹಳೆಯ ಠಾಣೆಯ ಚಾವಣಿಯನ್ನು ಮಳೆಗಾಲದೊಳಗೆ ರಿಪೇರಿ ಮಾಡಿಸದಿದ್ದರೆ ಕಟ್ಟಡ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುವುದಾಗಿ ನಗರಸಭೆಯವರು ನೋಟಿಸು ಅಂಟಿಸಿದ್ದು ತಮ್ಮ ಎದುರಿನ ಗೋಡೆಯ ಮೇಲೆಯೇ. ಅದಕ್ಕಾಗಿ ನಾವು ಸಹಾಯಾರ್ಥ ಸಂಜೆಯೊಂದನ್ನು ಏರ್ಪಡಿಸಿ, ಲಾಟರಿಯ ಚೀಟಿ ಎತ್ತುವುದೆಂದು ತೀರ್ಮಾನಿಸಿ, ಸಮಿತಿಯ ಪ್ರತಿಯೊಬ್ಬರಿಗೂ ಟಿಕೆಟ್ ಪುಸ್ತಕ ಹಂಚಿದೆವು. ಕ್ಷೌರದಂಗಡಿಯವರು ತಮ್ಮ ಪುಸ್ತಕವನ್ನು ಒಂದೇ ದಿನದಲ್ಲಿ ಮುಗಿಸಿದರು, ಏಕೆಂದರೆ ಕುತ್ತಿಗೆಯ ಮೇಲೆ ಕತ್ತಿಯಿರುವಾಗ ಇತಿಹಾಸ ಬೇಡವೆನ್ನುವ ಧೈರ್ಯ ಯಾರಿಗಿದೆ? ನನ್ನ ಪಾಡೋ, ಊರಿನ ಅರ್ಧ ಜನರ ದೂರದೃಷ್ಟಿಯನ್ನು ಸರಿಪಡಿಸಿದ ಪುಣ್ಯದ ಫಲವಾಗಿ, ಪುಸ್ತಕ ಹಿಡಿದು ಬರುತ್ತಿದ್ದ ನನ್ನನ್ನು ಅವರು ದೂರದಿಂದಲೇ ಸ್ಪಷ್ಟವಾಗಿ ಕಂಡು ಆಚೆ ಬದಿಗೆ ದಾಟಿಬಿಡುತ್ತಿದ್ದರು. ಪರಿಚಯವಿದ್ದವರಂತೂ, ಒಂದು ಟಿಕೆಟಿಗೆ ಠಾಣೆಯ ಇಟ್ಟಿಗೆಯ ಉದ್ದಗಲಗಳ ಕುರಿತ ನನ್ನ ಉಪನ್ಯಾಸವೂ ಉಚಿತವಾಗಿ ಸಿಗುತ್ತದೆಂದು ತಿಳಿದೇ ಓಡುತ್ತಿದ್ದರು.

ಕಾರ್ಯದರ್ಶಿಯೇ ಒಂದು ಟಿಕೆಟನ್ನೂ ಮಾರಲಿಲ್ಲವೆಂದರೆ ಮರ್ಯಾದೆಯ ಗತಿ ಏನು? ಹಾಗಾಗಿ ಪುಸ್ತಕವನ್ನೆಲ್ಲ ನಾನೇ ಕೊಂಡು, ಹೆಂಡತಿ, ಅತ್ತೆ, ಷಡ್ಡಕ ಎಂದು ಹೆಸರು ತುಂಬಿಸುತ್ತ ಹೋದೆ. ನೆಂಟರೆಲ್ಲ ಮುಗಿದು ಇನ್ನೊಂದು ಟಿಕೆಟ್ ಉಳಿದಾಗ, ಯಾರು ನೋಡುತ್ತಾರೆಂದು, ತೀರಿಕೊಂಡ ಮಾವನವರನ್ನು ಊರೆಲ್ಲ ಕರೆಯುತ್ತಿದ್ದ 'ಗಂಟೆಯಣ್ಣ' ಎಂಬ ಹೆಸರನ್ನು ಬರೆದೆ.

ಚೀಟಿಗಳನ್ನು ತಮ್ಮ ಹೊಟ್ಟೆಗೇ ಹಾಕಬೇಕೆಂದು ಹಟ ಹಿಡಿದವನು ನಾನೇ, ಏಕೆಂದರೆ ಅದೆಷ್ಟೋ ಚುನಾವಣೆಗಳಲ್ಲಿ ಅಣ್ಣ ತಮ್ಮನಿಗೆ ವಿರುದ್ಧವಾಗಿ, ಸೊಸೆ ಮಾವನಿಗೆ ವಿರುದ್ಧವಾಗಿ ಹಾಕಿದ ಮತಗಳ ಗುಟ್ಟನ್ನು ತಾವು ಇಂದಿಗೂ ಯಾರಿಗೂ ಹೇಳಿಲ್ಲ. ಅಂಥ ಘನತೆವೆತ್ತ ತಾವು ನನ್ನ ಪುಟ್ಟ ಗುಟ್ಟೊಂದನ್ನು ಜೀರ್ಣಿಸಿಕೊಳ್ಳಲಾರದೆ, ಮೂರನೆಯ ಬಹುಮಾನದ ಇಸ್ತ್ರಿಪೆಟ್ಟಿಗೆಯನ್ನು ನನ್ನ ಹೆಂಡತಿಗೂ, ಎರಡನೆಯ ಬಹುಮಾನದ ಟೇಬಲ್ ಫ್ಯಾನನ್ನು ನನ್ನ ಷಡ್ಡಕನಿಗೂ ಕರುಣಿಸಿದಿರಿ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಆಮೇಲೆ ಮೊದಲ ಬಹುಮಾನದ ಸೈಕಲ್. ಊರಿಗೆ ಹೊಸಬರಾದ ಬ್ಯಾಂಕ್ ಮ್ಯಾನೇಜರು ಚೀಟಿ ಎತ್ತಿ, "ಗಂಟೆಯಣ್ಣನವರು ಎಲ್ಲಿದ್ರೂ ದಯವಿಟ್ಟು ವೇದಿಕೆ ಮೇಲೆ ಬರ್ಬೇಕು" ಎಂದು ಮೈಕಿನಲ್ಲಿ ಒಂದಲ್ಲ, ಎರಡು ಸಲ ಕರೆದರು. ಕೊನೆಗೆ ನನ್ನ ಹೆಂಡತಿಯೇ ಎದ್ದು ನಿಂತು, "ಅವರು ಬರೋಕಾಗಲ್ಲ ಸಾರ್, ತೀರ್ಕೊಂಡು ಬಹಳ ವರ್ಷ ಆಯ್ತು, ಚೀಟಿ ಬರೆದವರನ್ನ ಬೇಕಾದ್ರೆ ಕಳಿಸ್ತೀನಿ" ಎಂದಳು. ನನ್ನ ಮಾನ ಮೂರು ಕಾಸಿಗೆ ಹರಾಜಾದ ಸದ್ದು ತಮಗೂ ಕೇಳಿಸಿರಬೇಕು.

ಜನ ನಕ್ಕರು. ಆದರೆ ನಗು ಇಳಿದ ಮೇಲೆ ಬೇಕರಿಯ ಅಜ್ಜಿ ಕೋಲೂರಿ ಎದ್ದರು. "ನಮ್ಮನೆ ಅಟ್ಟಕ್ಕೆ ಬೆಂಕಿ ಬಿದ್ದಾಗ ಈ ಠಾಣೆ ಗಂಟೆ ಹೊಡೆದು ಊರನ್ನೆಲ್ಲ ಎಬ್ಬಿಸಿದ್ದು ಅವನೇ, ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಇಳಿಸಿದ್ದೂ ಅವನೇ" ಎಂದರು. ಅವರು ಕೂತರೆ ಇನ್ನೊಬ್ಬರು ಎದ್ದರು. ನನ್ನ ಉಪನ್ಯಾಸಕ್ಕೆ ಆಕಳಿಸುವ ಅದೇ ಜನ ಅಂದು ಮನೆಗೆ ಹೋಗಲು ಒಪ್ಪಲಿಲ್ಲ. ಮರುದಿನ ಬೆಳಗ್ಗೆ ಗಾರೆ ಕೆಲಸದವರು ಏಣಿ ಹೊತ್ತು ತಂದು, 'ಗಂಟೆಯಣ್ಣನ ಠಾಣೆ' ಬೀಳಬಾರದೆಂದು ತಾವಾಗಿಯೇ ಚಾವಣಿ ಹತ್ತಿದರು.

ಇಷ್ಟಾದರೂ ದೂರೇಕೆ ಎನ್ನುತ್ತೀರಾ? ಅಂದು ಮನೆಗೆ ನಡೆಯುವಾಗ ಹೆಂಡತಿ, "ನಿಮ್ಮ ಮ್ಯೂಸಿಯಮ್ಮಿಗೆ ಬರದ ನಮ್ಮಪ್ಪ ಲಾಟರಿಗಾದ್ರೂ ಬಂದ್ರಲ್ಲ, ಬಿಡಿ" ಎಂದಳು. ಪ್ರತಿ ಇಟ್ಟಿಗೆಯ ಅಳತೆಯನ್ನು ಫಲಕದಲ್ಲಿ ಬರೆಸಿದ ನಾನು, ಗಂಟೆಯ ಕೆಳಗೆ ಅದರ ತೂಕ ಬರೆಸಿದ್ದೆನೇ ಹೊರತು ಹೊಡೆದವರ ಹೆಸರನ್ನಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು. ಊರಿಗೆಲ್ಲ ಕನ್ನಡಕ ಹಾಕುವವನಿಗೆ ಮನೆಯೊಳಗಿನ ಇತಿಹಾಸ ಕಾಣದಿದ್ದುದನ್ನು ಒಂದು ತಗಡಿನ ಪೆಟ್ಟಿಗೆ ಸಾರ್ವಜನಿಕವಾಗಿ ತೋರಿಸಿಕೊಡುವುದು ಯಾವ ನ್ಯಾಯ?

ಆದಕಾರಣ, ಆ ಸಂಜೆಯನ್ನು ಊರಿನವರ ನೆನಪಿನಿಂದ ಸಂಪೂರ್ಣವಾಗಿ ಅಳಿಸಿಹಾಕಿ, ಚಾವಣಿಯನ್ನು ಮಾತ್ರ ಉಳಿಸಿಕೊಡಬೇಕೆಂದು ಇತಿಹಾಸ ಸಂರಕ್ಷಕನಾದ ನಾನು ತಮ್ಮಲ್ಲಿ ಪ್ರಾರ್ಥಿಸುತ್ತೇನೆ.

ಇನ್ನೆಂದೂ ಚೀಟಿ ಬರೆಯದ,
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವ

ತಾ.ಕ.: ಸೈಕಲ್ ಬೇಡವೆಂದು ಸಮಿತಿಗೇ ಬಿಟ್ಟುಕೊಡಲು ಹೋದರೆ, ನಾನೇ ಬರೆದ ನಿಯಮದ ಪ್ರಕಾರ ಅದಕ್ಕೂ ವಿಜೇತರೇ ಬಂದು ಸಹಿ ಮಾಡಬೇಕೆಂದು ಸಮಿತಿಯವರು ಪಟ್ಟು ಹಿಡಿದಿದ್ದಾರೆ. ಮಾವನವರನ್ನು ಒಮ್ಮೆ ಕರೆಸಿದ ತಮಗೆ ಇದೇನೂ ಕಷ್ಟವಲ್ಲ. ಇನ್ನೊಮ್ಮೆ ಕರೆಸಿ. ಗಂಟೆಯ ಕೆಳಗೆ ಹೊಸ ಫಲಕ ಹಾಕಿಸಿದ್ದೇನೆ, ಅದನ್ನೂ ನೋಡಿ ಹೋಗಲಿ.