ಇಂಥವರ ಫ್ಲಾಪಿ

ಮಕ್ಕಳೇ, ಹೆಸರಿಡುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮೂರಿನ ಕೊಟ್ಟಿಗೆಯಲ್ಲಿ ಹುಟ್ಟಿದ ಕರುಗಳಿಗೆಲ್ಲ ಹೆಸರಿಟ್ಟವಳು ನಾನು. ಮುಂಬಯಿಯ ಮಲಾಡಿಗೆ ಬಂದ ಮೇಲೆ ಉಪ್ಪಿನಕಾಯಿ ಜಾಡಿಗಳಿಗೂ ಚೀಟಿ ಅಂಟಿಸುತ್ತಿದ್ದೆ: ‘ಹಳೆಯದು’, ‘ಹೊಸದು’, ‘ನೆಂಟರಿಗೆ’. ಒಂದು ದಿನವಾದರೂ ನೆಂಟರಿಗೆ ಹೊಸದು ಹೋಗಲಿಲ್ಲ! ಇಷ್ಟು ಅನುಭವ ಇರುವವಳ ಮಾನ ಒಂದು ಹೆಸರಿನಿಂದಲೇ ಸಯನ್‌ನ ಮದುವೆ ಹಾಲ್‌ನಲ್ಲಿ ಹೋಯಿತೆಂದರೆ ನೀವು ನಂಬುತ್ತೀರಾ?

ಆಗ ನಿಮ್ಮ ಅಮ್ಮ ಉಷಾಳಿಗೆ ಮದುವೆಯಾಗಿರಲಿಲ್ಲ. ಇದ್ದ ಕೆಲಸ ಬಿಟ್ಟು, ನಮ್ಮ ಮನೆಯ ಹಾಲಿನಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಪ್ರೋಗ್ರಾಂ ಬರೆಯಲು ಕುಳಿತಳು. ಜೊತೆ ಕೆಲಸಕ್ಕೆ ರಫೀಕ, ಬಿಜಾಪುರದ ಕಡೆಯವನು, ಬೊರಿವಲಿಯಲ್ಲಿ ವಾಸ. ಮನೆಯ ಹೊಸ ಫ್ಯಾನ್ ಕಂಪ್ಯೂಟರಿಗೆ, ಹಳೆಯದು ನನಗೆ. ಇರಲಿ. ಮೊದಲ ಕೆಲಸ ಸಯನ್‌ನ ಒಂದು ಮದುವೆ ಹಾಲಿನದು. ಯಾವ ದಿನ ಹಾಲ್ ಯಾರಿಗೆ ಎಂದು ಕಂಪ್ಯೂಟರೇ ಹೇಳಬೇಕಂತೆ. ಅದು ಮೆಚ್ಚುಗೆಯಾದರೆ ಉಷಾ ತನ್ನ ಕಾಲ ಮೇಲೆ ನಿಂತಂತೆ. ಆಗದಿದ್ದರೆ, “ನೀನು ವಾಪಸ್ ಬಂದೇ ಬರ್ತೀಯ” ಎಂದು ನಕ್ಕಿದ್ದ ಹಳೆಯ ಮ್ಯಾನೇಜರನ ಮುಂದೆ ಹೋಗಿ ನಿಲ್ಲಬೇಕು.

ಒಂದೇ ಪ್ರೋಗ್ರಾಮನ್ನು ಇಬ್ಬರು ತಿದ್ದುವುದೆಂದರೆ ಒಂದೇ ಸಾರಿಗೆ ಇಬ್ಬರು ಸೊಸೆಯರು ಉಪ್ಪು ಹಾಕಿದ ಹಾಗೆ. ಅದಕ್ಕೆ ಉಷಾ ಕಾನೂನು ಮಾಡಿದಳು. ರುಚಿ ನೋಡಿ ಒಪ್ಪಿದ ಸಾರು ಒಂದು ಫ್ಲಾಪಿಯಲ್ಲಿ. ಪ್ರಯೋಗದ ಸಾರು ಬೇರೆ ಫ್ಲಾಪಿಯಲ್ಲಿ. ಪ್ರತಿಯೊಂದಕ್ಕೂ ಒಂದು ಹೆಸರು. ಏನು ತಿದ್ದಿದರೂ ಏನು ಮಾಡಿದೆ, ಏಕೆ ಮಾಡಿದೆ ಎಂದು ಒಂದು ಸಾಲು ಬರೆದು, ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಗಿರಾಕಿಯ ಮುಂದೆ ಒಂದೇ ಫ್ಲಾಪಿ ಹೋಗಬೇಕು. ಎರಡು ಹೋದರೆ ಬೆರಕೆಯಾಗುತ್ತದೆ.

ಇದೆಲ್ಲ ಸರಿ. ಆದರೆ ಆ ಒಪ್ಪಿದ ಸಾರಿಗೆ ಅವಳು ಇಟ್ಟದ್ದು ಯಾರ ಹೆಸರು? ತೀರಿಹೋದ ತನ್ನ ಅಪ್ಪನ ಹೆಸರು!

“ಅಪ್ಪ ಇದ್ದಿದ್ರೆ ಖುಷಿ ಪಡ್ತಿದ್ರು ಅಮ್ಮ” ಎಂದಳು. ನಿಮ್ಮ ತಾತನದು ತಿರುಪತಿ ಬೆಟ್ಟದ ದೇವರ ಹೆಸರು. ಪ್ರಯೋಗದ ಫ್ಲಾಪಿಗಳಿಗೆ ಅದೇ ದೇವರ ಬೇರೆ ಬೇರೆ ಹೆಸರು: ಬಾಲಾಜಿ, ಗೋವಿಂದ. ಒಂದೇ ಪ್ರೋಗ್ರಾಮಿನ ಅವತಾರಗಳಂತೆ!

ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನು ಇವತ್ತಿಗೂ ಬರೆಯುವುದೂ ಇಲ್ಲ. ಆ ಹೆಸರು ಬರುವ ಕಡೆಯಲ್ಲೆಲ್ಲ ‘ಇಂಥವರು’ ಎಂದು ಹಾಕಿದ್ದೇನೆ. ಗೊತ್ತಿಲ್ಲದಿದ್ದರೆ ನಿಮ್ಮ ಅಮ್ಮನನ್ನು ಕೇಳಿ.

ಆಮೇಲೆ ನನ್ನ ಕಿವಿಗೆ ಬಿದ್ದ ಸಾಲುಗಳನ್ನು ಕೇಳಿ. “ಇಂಥವರು: ಕೂಡಿಸುವುದರಲ್ಲಿ ತಪ್ಪು, ಸರಿಪಡಿಸಿದೆ.” ಜೀವಮಾನವೆಲ್ಲ ಬ್ಯಾಂಕಿನಲ್ಲಿ ಕೂಡಿಸಿದ ಮನುಷ್ಯ! “ಇಂಥವರು: ಒಳಗಿದ್ದ ಕಸ ತೆಗೆದೆ.” ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದವರು! “ಇಂಥವರು: ಬಹಳ ನಿಧಾನ ಇತ್ತು, ಚುರುಕು ಮಾಡಿದೆ.” ಮದುವೆಯಾದಂದಿನಿಂದ ನನ್ನಿಂದ ಆಗದ್ದನ್ನು ಈ ಹುಡುಗಿ ಒಂದು ಮಧ್ಯಾಹ್ನದಲ್ಲಿ ಮಾಡಿದಳಂತೆ!

ರಫೀಕನಂತೂ ಪರದೆಗೆ ಕೈ ಮುಗಿದು, “ಏ ಇಂಥವರ, ಎಷ್ಟ್ ಕಾಡ್ತೀಯೋ ಮಾರಾಯ, ಇವತ್ತರ ನೆಟ್ಟಗ ನಡಿ!” ಎನ್ನುತ್ತಿದ್ದ. ಅದು ಉಷಾಳ ಅಪ್ಪನ ಹೆಸರೆಂದು ಅವನಿಗೆ ಗೊತ್ತಿರಲಿಲ್ಲ. ಹೇಳಬೇಡ ಎಂದು ನಾನೇ ತಡೆದಿದ್ದೆ. ಪಾಪ, ಹುಡುಗನಿಗೆ ಬೈಯಲು ಸಂಕೋಚವಾದೀತು ಅಂತ.

ಪ್ರೋಗ್ರಾಂ ತೋರಿಸುವ ದಿನ ಬಂತು. ಹಿಂದಿನ ದಿನ ಫ್ಲಾಪಿಗಳ ಡಬ್ಬಿಯನ್ನು ರಫೀಕ ಪರೀಕ್ಷೆಗೆಂದು ಬೊರಿವಲಿಗೆ ಒಯ್ದಿದ್ದ. ಉಷಾ ಬೆಳಿಗ್ಗೆಯೇ ಚಪ್ಪಲಿ ಮೆಟ್ಟುತ್ತಾ, “ಅಮ್ಮ, ನಾನು ಸಯನ್‌ಗೆ ಹೊರಟೆ. ರಫೀಕ್ ಸ್ಟೇಷನ್‌ನಿಂದ ಫೋನ್ ಮಾಡ್ತಾನೆ, ಯಾವುದು ತೋರಿಸೋದು ಅಂತ ನಿನ್ನೆ ತೀರ್ಮಾನ ಆಗಿರ್ಲಿಲ್ಲ. ಬೇಡದ್ದನ್ನ ಅಲ್ಲೇ ಗುರುತಿನ ಅಂಗಡೀಲಿ ಬಿಡ್ತಾನೆ. ಇಂಥವರನ್ನೇ ತರೋಕೆ ಹೇಳು. ಬಾಲಾಜಿ ಬೇಡ, ಅದು ಇನ್ನೂ ಅರ್ಧಂಬರ್ಧ” ಎಂದು ಲೋಕಲ್ ಹಿಡಿಯಲು ಓಡಿದಳು. ನಾನು ಧೈರ್ಯವಾಗಿ ತಲೆಯಾಡಿಸಿದೆ. ಒಂದು ಫೋನು! ಅದರಲ್ಲೇನಿದೆ?

ಫೋನ್ ಬಂತು.

“ಅಮ್ಮಾರ, ರಫೀಕ ಮಾತಾಡಾಕತ್ತೀನ್ರಿ. ಯಾವ ಫ್ಲಾಪಿ ತರ್ಲಿ?”

ಬಾಯಿ ತೆರೆದೆ. ನಾಲಿಗೆ ಒಳಗೇ ಕುಳಿತುಬಿಟ್ಟಿತು.

“ಉಷಾಳ ತಂದೆಯವರ ಹೆಸರಿಂದು ತಾ ಅಪ್ಪ.”

“ಅವರ ಹೆಸರೇನ್ರಿ?”

“ಅದೇ, ನಮ್ಮ ಬಾಗಿಲ ಮೇಲೆ ಇದೆಯಲ್ಲ.”

“ಬಾಗಲದ ಮ್ಯಾಲ ಎಸ್. ರಾವ್ ಅಂತ ಐತ್ರಿ. ರಾವ್ ಅನ್ನೋ ಫ್ಲಾಪಿ ನಮ್ಮ ಹಂತ್ಯಾಕ ಇಲ್ರಿ!”

ನಮ್ಮ ಬಾಗಿಲಿನ ಫಲಕಕ್ಕೂ ನನ್ನಷ್ಟೇ ನಾಚಿಕೆ. “ಏಳು ಬೆಟ್ಟದ ಮೇಲೆ ಇದ್ದಾನಲ್ಲಪ್ಪ, ಆ ದೇವರ ಹೆಸರು” ಎಂದೆ.

“ಏಳು ಬೆಟ್ಟದ ದೇವ್ರು... ಬಾಲಾಜಿ! ತಿಳೀತ್ರಿ ಅಮ್ಮಾರ!”

“ಅಯ್ಯೋ, ಅಲ್ಲ, ಅಲ್ಲ! ಇನ್ನೊಂದು!”

“ಲಗೂ ಹೇಳ್ರಿ, ಗಾಡಿ ಬಂತು! ರೂಪಾಯಿ ನಾಣ್ಯ ಮತ್ತೊಂದಿಲ್ರಿ!”

ದೇವರ ಪಟದ ಕಡೆ ನೋಡಿದೆ. ಪಕ್ಕದ ಗೋಡೆಯಲ್ಲಿ ಹಾರ ಹಾಕಿಸಿಕೊಂಡಿದ್ದವರ ಕಡೆ ನೋಡಿದೆ. ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡೆ. ಕಣ್ಣು ಮುಚ್ಚಿ, ಜನ್ಮದಲ್ಲಿ ಮೊದಲ ಸಲ, ಕಟ್ಟಡಕ್ಕೆಲ್ಲ ಕೇಳುವಂತೆ ಆ ಹೆಸರನ್ನು ಕೂಗಿದೆ.

ಆ ಕಡೆಯಿಂದ “ಕೊಂಯ್” ಎಂದಿತು. ಲೈನ್ ಕಟ್!

ಹಿಂದಿರುಗಿ ನೋಡಿದರೆ ಪಕ್ಕದ ಮನೆಯ ಸುಲಭಾತಾಯಿ, ಹೆಪ್ಪಿಗೆ ಮೊಸರು ಕೇಳಲು ಬಂದವಳು, ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ. “ಆಜಿ, ಕೋಣಾಲಾ ಹಾಕ್ ಮಾರತಾ?” ಯಾರನ್ನು ಕೂಗುತ್ತಿದ್ದೀರಿ ಎಂದು ಕೇಳಿದಳು.

ಅವಳು ಇವರನ್ನು ಕರೆಯುತ್ತಿದ್ದ ಹಾಗೆ “ರಾವ್ ಕಾಕಾ” ಎಂದೆ, ಏದುಸಿರು ಬಿಡುತ್ತಾ.

ಅವಳು ಫೋನನ್ನು ನೋಡಿದಳು. ಹಾರ ಹಾಕಿದ ಪಟವನ್ನು ನೋಡಿದಳು. ಮೊಸರು ಬೇಡವೆಂದು ಹೋಗಿಬಿಟ್ಟಳು!

ಇನ್ನು ಕೂರುವುದು ಹೇಗೆ? ನಾನೂ ಲೋಕಲ್ ಹತ್ತಿದೆ. ದಾದರ್‌ನಲ್ಲಿ ಇಳಿದು, ಸೇತುವೆಯ ಮೇಲೆ ಜನರ ಮೊಣಕೈ ಏಟು ತಿನ್ನುತ್ತಾ ನಡೆಯುವಾಗ ಜ್ಞಾನೋದಯವಾಯಿತು: “ಕಾನೂನು ಹಾಳಾಗಲಿ, ಎಲ್ಲವನ್ನೂ ತಾ” ಎಂದಿದ್ದರೆ ಮುಗಿದಿತ್ತಲ್ಲ! ಇನ್ನೊಂದು ಜ್ಞಾನ ಸಯನ್ ಗಾಡಿ ಹತ್ತಿದ ಮೇಲೆ ಬಂತು. ನಾನು ಹೋಗಿ ಮಾಡುವುದೇನು? ಸರಿಯಾದ ಫ್ಲಾಪಿ ಬೊರಿವಲಿಯ ಅಂಗಡಿಯಲ್ಲಿ. ನನ್ನ ಕೈಯಲ್ಲಿರುವುದು ಬರೀ ಹೆಸರು. ಅದನ್ನೂ ಹೇಳಲಾರೆ!

ಮದುವೆ ಹಾಲಿನ ಬಾಗಿಲಲ್ಲಿ ನನ್ನಂಥವಳು ಯಾರಿಗೂ ಎದುರಾಗಬಾರದೆಂದು ಪಕ್ಕಕ್ಕೆ ಸರಿದು ನಿಂತೆ. ಒಳಗಿನಿಂದ ಗಲಾಟೆ ಕೇಳಿಸಿತು. ಹಾಲಿನ ಮಾಲೀಕ ಸದಾನಂದಣ್ಣ, ಉಡುಪಿ ಕಡೆಯವರು, ಪರದೆಗೆ ಬೆರಳು ಚುಚ್ಚುತ್ತಿದ್ದರು.

“ಎಂತ ಮಾರಾಯ್ತಿ ಇದು? ವೈಶಾಖದಲ್ಲಿ ಇವರು ಕೇಳಿದ ದಿನ ಹಾಲ್ ಫುಲ್ ಅಂತದೆ ನಿನ್ನ ಮಿಷಿನ್! ವಧು ಪದ್ಮ ಅಂತೆ. ಯಾರದು ಪದ್ಮ? ನಾನು ನೋಡ್ಲೇ ಇಲ್ಲ!”

ಅವರ ಪಕ್ಕದಲ್ಲಿ ಮಗಳ ಮದುವೆಗೆ ಹಾಲ್ ಗೊತ್ತು ಮಾಡಲು ಬಂದಿದ್ದ ಒಬ್ಬ ತಂದೆ. “ಪುರೋಹಿತರ ಹತ್ರ ಮುಹೂರ್ತ ಇಡಿಸ್ಕೊಂಡು ಬಂದಿದೀನ್ರಿ! ಮಧ್ಯೆ ಯಾರ್ರೀ ಈ ಪದ್ಮ? ಅವಳಪ್ಪನ್ನ ಕರೆಸಿ, ನಾನ್ ಮಾತಾಡ್ತೀನಿ!”

ನನ್ನ ಅಪ್ಪನನ್ನು ಎಲ್ಲಿಂದ ಕರೆಸುವುದು? ಪರೀಕ್ಷೆಗೆಂದು ಬಾಲಾಜಿಯೊಳಗೆ ಒಂದು ಸುಳ್ಳು ಮದುವೆ ಬರೆಯಬೇಕಾಗಿ ಬಂದಾಗ ನಿಮ್ಮ ಅಮ್ಮ ಬರೆದದ್ದು ಯಾರ ಮದುವೆ ಎಂದುಕೊಂಡಿರಿ? ನಮ್ಮದು! ವಧು ನಾನು, ವರ ಇಂಥವರು. ಊಟಕ್ಕೆ ಒಬ್ಬಟ್ಟು ಬೇರೆ!

ಬಾಲಾಜಿಯನ್ನೇ ತಂದಿದ್ದ ರಫೀಕ ಪಕ್ಕದಲ್ಲಿ ನಿಂತಿದ್ದ, ಉಷಾಳ ಮುಖ ಬಿಳುಚಿಕೊಂಡಿತ್ತು. ಅದು ಬರೀ ಪರೀಕ್ಷೆಗೆ ಬರೆದದ್ದು ಎಂದು ಅವಳು ಹೇಳುತ್ತಲೇ ಇದ್ದಳು. ಆ ಗದ್ದಲದಲ್ಲಿ ಕೇಳುವವರು ಯಾರು? ಆ ಮ್ಯಾನೇಜರನ ನಗು ನನ್ನ ಕಣ್ಣ ಮುಂದೆ ಬಂತು. ನಾಚಿಕೆಯೆಲ್ಲ ಬದಿಗಿಟ್ಟು ಒಳಗೆ ನುಗ್ಗಿದೆ.

“ಪದ್ಮ ನಾನೇ!”

ಎಲ್ಲರೂ ನನ್ನ ನರೆಗೂದಲು ನೋಡಿದರು, ಖಾಲಿ ಹಣೆ ನೋಡಿದರು. ಸದಾನಂದಣ್ಣ ಮೆತ್ತಗೆ ಕೇಳಿದರು, “ನೀವಾ ಅಮ್ಮ? ಮತ್ತೆ... ಹುಡುಗ?”

“ಅವರು ಬರೋದಿಲ್ಲ.”

“ಒಂದು ಫೋನ್ ಮಾಡಿ ಕೇಳ್ಬಹುದಿತ್ತಲ್ಲ?”

“ಬೆಳಿಗ್ಗೆ ಹೆಸರು ಹಿಡಿದೇ ಕೂಗಿದೆ. ಲೈನ್ ಕಟ್ಟಾಯಿತು.”

ಹಾಲ್ ಕೇಳಲು ಬಂದಿದ್ದ ತಂದೆಯ ಕೋಪ ಇಳಿದೇಹೋಯಿತು. “ಛೆ, ಛೆ! ಈ ವಯಸ್ಸಲ್ಲಿ ಕೈ ಕೊಟ್ಟನೇನ್ರಿ?” ಎಂದು ನನಗೆ ಕುರ್ಚಿ ಎಳೆದು ಕೊಟ್ಟರು!

ಉಷಾ ಎಲ್ಲವನ್ನೂ ಬಿಡಿಸಿ ಹೇಳುವಷ್ಟರಲ್ಲಿ ಸದಾನಂದಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರಫೀಕ ಮಾತ್ರ ನಗಲಿಲ್ಲ. “ಅಮ್ಮಾರ, ಅಂದ್ರ ನಾ ದಿನಾ ಬೈತಿದ್ದದ್ದು... ನಿಮ್ಮ ಯಜಮಾನ್ರನ್ನ?” ಎಂದು ತಲೆಯ ಮೇಲೆ ಕೈ ಇಟ್ಟುಕೊಂಡ.

ಸದಾನಂದಣ್ಣ ಕಣ್ಣೊರೆಸಿಕೊಂಡು ಹೇಳಿದರು: “ಅಲ್ಲ, ಇವರು ಇಷ್ಟು ಬೊಬ್ಬೆ ಹೊಡೆದ್ರೂ ಮಿಷಿನ್ ಅದೇ ದಿನ ಇನ್ನೊಬ್ರಿಗೆ ಕೊಡ್ಲಿಲ್ಲ ನೋಡಿ! ನನ್ನ ಗುಮಾಸ್ತ ಹೋದ ಸೀಸನಲ್ಲಿ ಒಂದೇ ಹಾಲಿಗೆ ಎರಡು ದಿಬ್ಬಣ ತಂದು ನಿಲ್ಲಿಸಿದ್ದ. ನಾಳೆ ಸರಿಯಾದ್ದು ತಕ್ಕೊಂಡು ಬಾ ಮಾರಾಯ್ತಿ. ಅಮ್ಮನ ಮದುವೆ ಮಾತ್ರ ಕ್ಯಾನ್ಸಲ್ ಮಾಡು.”

ಕೆಲಸ ಉಳಿಯಿತು. ನನ್ನ ಸಿಟ್ಟು ಉಳಿಯದೇ ಇರುತ್ತದೆಯೇ? ಮನೆಗೆ ಬಂದು ಕಡ್ಡಿ ಮುರಿದ ಹಾಗೆ ಹೇಳಿದೆ: “ಆ ಹೆಸರು ಇವತ್ತೇ ತೆಗೆಯಬೇಕು! ನನ್ನ ಬಾಯಲ್ಲಿ ಬರುವಂಥ ಹೆಸರಿಡಿ!”

“ಆಯ್ತಮ್ಮ” ಎಂದು ಉಷಾ ಕಾನೂನು ತಿದ್ದಿ ಹೊಸ ಹೆಸರಿಟ್ಟಳು. ನನ್ನ ಹೆಸರು! ನಾನು ಬೇಡ ಬೇಡವೆನ್ನುತ್ತಲೇ ಒಳಗೊಳಗೆ ಹಿಗ್ಗಿದೆ. ಮರುದಿನ ಅಡುಗೆಮನೆಗೆ ಕೇಳಿಸಿತು: “ಪದ್ಮ: ಬೇಡದ ಹಳೆಯದನ್ನೆಲ್ಲ ನೆನಪಿಟ್ಟುಕೊಂಡಿದೆ, ಖಾಲಿ ಮಾಡಬೇಕು.” ಆಮೇಲೆ, “ಪದ್ಮ: ಕಾರಣವಿಲ್ಲದೆ ನಿಂತುಹೋಗುತ್ತದೆ.” ಸೌಟು ಹಿಡಿದು ಹೊರಗೆ ಬಂದು, ಯಾರು ಬರೆದದ್ದು ಎಂದೆ. ಅವಳು ಇವನನ್ನು ತೋರಿಸಿದಳು, ಇವನು ಅವಳನ್ನು ತೋರಿಸಿದ.

ಮುಂದೊಂದು ದಿನ ಮತ್ತೆ ಸ್ಟೇಷನ್‌ನಿಂದ ಫೋನ್. “ಅಮ್ಮಾರ, ಯಾವ ಫ್ಲಾಪಿ ತರ್ಲಿ?”

ನನ್ನ ಹೆಸರನ್ನು ನಾನೇ ಆ ಹುಡುಗನಿಗೆ ಹೇಗೆ ಹೇಳಲಿ? ಮತ್ತೆ ನಾಚಿಕೆ!

“ಅದೇನಪ್ಪ... ಕಾರಣವಿಲ್ಲದೆ ನಿಂತುಹೋಗುತ್ತಲ್ಲ, ಅದು.”

“ತಿಳೀತ್ರಿ ಅಮ್ಮಾರ” ಎಂದ. ಒಂದಿಷ್ಟೂ ತಪ್ಪಿಲ್ಲದೆ ಅದನ್ನೇ ತಂದ.